ಅಗಲವಾಗುತ್ತ ಹೋದ ತೆರೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಎರಡು ಬಗೆಯ ಮಾನಿಟರುಗಳು ಅಕ್ಕಪಕ್ಕ ನಿಂತಿರುತ್ತವೆ. ಒಂದರ ಪೆಟ್ಟಿಗೆಯ ಮೇಲೆ 27 ಅಂಗುಲ ಎಂದಿದ್ದರೆ ಇನ್ನೊಂದರ ಮೇಲೆ 34 ಅಂಗುಲ ಎಂದಿರುತ್ತದೆ. ಮೊದಲನೆಯದು ಎಲ್ಲರಿಗೂ ಪರಿಚಿತವಾದ ಆಕಾರ. ಎರಡನೆಯದು ಎರಡೂ ಬದಿಗೆ ಚಾಚಿಕೊಂಡು, ಅಂಚುಗಳಲ್ಲಿ ನೋಡುವವನ ಕಡೆಗೆ ತುಸು ಬಾಗಿರುತ್ತದೆ. ಇದಕ್ಕೆ ಅಲ್ಟ್ರಾವೈಡ್ ಎಂದು ಹೆಸರು. ಆಟವಾಡುವ ಮಗನಿಗೆ ಇದೇ ಬೇಕು. ಅದೇ ಮೇಜಿನಲ್ಲಿ ಕುಳಿತು ಲೆಕ್ಕಪತ್ರ ನೋಡಬೇಕಾದ ತಂದೆಗೆ ಅನುಮಾನ. ಬೆಲೆ ಮಾತ್ರ ಎಷ್ಟೋ ಮನೆಗಳಲ್ಲಿ ಒಂದು ತಿಂಗಳ ಸಂಬಳವನ್ನೇ ನುಂಗುವಂಥದು.

ಅಂಗಡಿಗೆ ಹೋಗುವವರು ಸಾಮಾನ್ಯವಾಗಿ ಅಳತೆಪಟ್ಟಿ ಒಯ್ಯುವುದಿಲ್ಲ. ಒಯ್ದರೆ ಒಂದು ಸ್ವಾರಸ್ಯ ಹೊರಬೀಳುತ್ತದೆ. 27 ಅಂಗುಲದ ಮಾನಿಟರಿನ ಎತ್ತರ ಸುಮಾರು 13.2 ಅಂಗುಲ, 34 ಅಂಗುಲದ ಅಲ್ಟ್ರಾವೈಡಿನ ಎತ್ತರ ಸುಮಾರು 13.1. ಪೆಟ್ಟಿಗೆಯ ಮೇಲೆ ಏಳು ಅಂಗುಲ ಹೆಚ್ಚಿದ್ದರೂ ಎತ್ತರಕ್ಕೆ ಅದರಿಂದ ಏನೂ ದಕ್ಕಿಲ್ಲ. ಹೆಚ್ಚಾದದ್ದೆಲ್ಲ ಅಗಲಕ್ಕೆ ಹೋಗಿದೆ. ಈ ಅಗಲ ಬೇಕೇ, ಬೇಕಾದರೆ ಯಾವುದಕ್ಕೆ ಬೇಕು ಎಂಬ ಪ್ರಶ್ನೆ ಹೊಸದಲ್ಲ. ನೂರಮೂವತ್ತು ವರ್ಷಗಳಿಂದ ಸಿನಿಮಾದವರು, ಟೆಲಿವಿಷನ್ನಿನವರು, ಕಂಪ್ಯೂಟರಿನವರು ಸರದಿಯಂತೆ ಇದನ್ನು ಎದುರಿಸಿದ್ದಾರೆ. ಅವರು ಕಂಡುಕೊಂಡ ಉತ್ತರಗಳು ಇಂದು ಮಾನಿಟರ್ ಕೊಳ್ಳಲು ಹೊರಟವರಿಗೂ ಉಪಯೋಗಕ್ಕೆ ಬರುತ್ತವೆ.

ಇಣುಕು ಪೆಟ್ಟಿಗೆಯ ಆಯತ

ಕಥೆ ಆರಂಭವಾಗುವುದು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಥಾಮಸ್ ಆಲ್ವಾ ಎಡಿಸನ್ನನ ಪ್ರಯೋಗಶಾಲೆಯಲ್ಲಿ. 1890ರ ದಶಕದ ಆರಂಭದಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಕೆನೆಡಿ ಲಾರಿ ಡಿಕ್ಸನ್, ಈಸ್ಟ್‌ಮನ್ ಕಂಪೆನಿಯ 70 ಮಿಲಿಮೀಟರ್ ಫಿಲ್ಮನ್ನು ಉದ್ದಕ್ಕೆ ಎರಡಾಗಿ ಸೀಳಿಸಿದ. 35 ಮಿಲಿಮೀಟರಿನ ಪಟ್ಟಿ ಹುಟ್ಟಿದ್ದು ಹೀಗೆ. ಅದರ ಎರಡೂ ಅಂಚಿನಲ್ಲಿ ತೂತು ಕೊರೆದು, ನಾಲ್ಕು ತೂತಿಗೆ ಒಂದು ಚಿತ್ರವೆಂದು ಗೊತ್ತುಮಾಡಿದ. ಪ್ರತಿ ಚಿತ್ರದ ಅಗಲ ಒಂದು ಅಂಗುಲ, ಎತ್ತರ ಮುಕ್ಕಾಲು ಅಂಗುಲ. ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. 4:3 ಎಂಬ ಅನುಪಾತ ಬಂದದ್ದು ಇಲ್ಲಿಂದ.

1894ರಲ್ಲಿ ನ್ಯೂಯಾರ್ಕಿನಲ್ಲಿ ಸಾರ್ವಜನಿಕರ ಮುಂದೆ ಬಂದ ಎಡಿಸನ್ನನ ಕಿನೆಟೋಸ್ಕೋಪಿನಲ್ಲಿ ಬೆಳ್ಳಿತೆರೆ ಎಂಬುದೇ ಇರಲಿಲ್ಲ. ಒಂದು ಮರದ ಪೆಟ್ಟಿಗೆ, ಅದಕ್ಕೊಂದು ಕಿಂಡಿ. ಒಂದು ಸಲಕ್ಕೆ ಒಬ್ಬನೇ ಬಗ್ಗಿ ಇಣುಕಿ ಚಲಿಸುವ ಚಿತ್ರ ನೋಡಬೇಕು. ಮುಂದೆ ಚಿತ್ರ ಪೆಟ್ಟಿಗೆಯಿಂದ ಹೊರಬಂದು ಗೋಡೆಯೆತ್ತರಕ್ಕೆ ಬೆಳೆದರೂ ಆಕಾರ ಬದಲಾಗಲಿಲ್ಲ. 1909ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಚಿತ್ರ ನಿರ್ಮಾಪಕರ ಅಂತರರಾಷ್ಟ್ರೀಯ ಸಮ್ಮೇಳನ 35 ಮಿಲಿಮೀಟರ್ ಫಿಲ್ಮನ್ನೇ ಮಾನದಂಡವೆಂದು ಒಪ್ಪಿತು. ಮಾತು ಬಂದ ಮೇಲೆ ಧ್ವನಿಪಟ್ಟಿಗೆ ಜಾಗ ಬೇಕಾಗಿ ಚಿತ್ರ ತುಸು ಕುಗ್ಗಿತಾದರೂ, 1932ರಲ್ಲಿ ಹಾಲಿವುಡ್ ಗೊತ್ತುಮಾಡಿಕೊಂಡ 1.37:1 ಅನುಪಾತ ಹಳೆಯ ಆಯತದ ಸಮೀಪದಲ್ಲೇ ಇತ್ತು. ಅಮೆರಿಕ 1941ರಲ್ಲಿ ತನ್ನ ಟೆಲಿವಿಷನ್ನಿಗೆ ನಿಯಮ ರೂಪಿಸಿದಾಗಲೂ ಆರಿಸಿಕೊಂಡದ್ದು 4:3ನ್ನೇ.

ಮೂರು ಪ್ರೊಜೆಕ್ಟರುಗಳ ಮಾಯೆ

ಟೆಲಿವಿಷನ್ ಮನೆಮನೆಗೆ ಬಂದ ಮೇಲೆ ಸಿನಿಮಾಕ್ಕೆ ಪೀಕಲಾಟ ಶುರುವಾಯಿತು. ಅದೇ ಆಕಾರದ ಚಿತ್ರ ಮನೆಯಲ್ಲೇ ಪುಕ್ಕಟೆ ಸಿಗುವಾಗ ಟಿಕೆಟ್ಟು ಕೊಂಡು ಥಿಯೇಟರಿಗೆ ಬರುವವರು ಯಾರು? ಪುಟ್ಟ ಪೆಟ್ಟಿಗೆಯಿಂದ ಕೊಡಲಾಗದ್ದನ್ನು ಕೊಡಬೇಕಾಯಿತು. ಆ ಉತ್ತರವನ್ನು ಬಹು ಹಿಂದೆಯೇ ಹುಡುಕಿಟ್ಟಿದ್ದವನು ಫ್ರೆಡ್ ವಾಲರ್.

ಸಿನಿಮಾ ತಂತ್ರಜ್ಞನಾಗಿದ್ದ ವಾಲರ್‌ಗೆ ಒಂದು ಸಂಗತಿ ಕಾಡುತ್ತಿತ್ತು. ಮನುಷ್ಯನ ಕಣ್ಣು ನೇರ ನೋಟದಲ್ಲಿ ಮಾತ್ರ ಜಗತ್ತನ್ನು ಅರಿಯುವುದಿಲ್ಲ. ತಲೆ ಅಲ್ಲಾಡಿಸದೆ ಎರಡೂ ಕಣ್ಣಿಗೆ ನಿಲುಕುವ ಹರಹು ಅಡ್ಡಲಾಗಿ ಸುಮಾರು 200 ಡಿಗ್ರಿಯಷ್ಟಿದೆ. ಮೇಲಿಂದ ಕೆಳಕ್ಕೆ ಅದು ಸುಮಾರು 130 ಡಿಗ್ರಿ. ಇದರಲ್ಲಿ ಅಕ್ಷರ ಓದುವಷ್ಟು ಸ್ಪಷ್ಟವಾಗಿ ಕಾಣುವುದು ನಡುವಿನ ಕೆಲವೇ ಡಿಗ್ರಿ. ಉಳಿದದ್ದು ಕಡೆಗಣ್ಣಿನ ಪಾಲು. ಕಡೆಗಣ್ಣಿಗೆ ಅಕ್ಷರ ತಿಳಿಯದು, ಆದರೆ ಚಲನೆ ಚೆನ್ನಾಗಿ ತಿಳಿಯುತ್ತದೆ. ತಾನು ಆ ಸ್ಥಳದಲ್ಲೇ ಇದ್ದೇನೆ ಎಂಬ ಭಾವ ಹುಟ್ಟಿಸುವುದು ಈ ಅಂಚಿನ ನೋಟವೇ ಎಂಬುದು ವಾಲರ್‌ನ ನಂಬಿಕೆ.

ಎರಡನೆಯ ಮಹಾಯುದ್ಧ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿತು. ವಿಮಾನದಲ್ಲಿ ಕುಳಿತು ಬಂದೂಕು ಹಾರಿಸುವವರ ತರಬೇತಿಗೆಂದು ವಾಲರ್ ಒಂದು ಯಂತ್ರ ಮಾಡಿಕೊಟ್ಟ. ಐದು ಪ್ರೊಜೆಕ್ಟರುಗಳು ಗುಮ್ಮಟದಂತಹ ತೆರೆಯ ಮೇಲೆ ಶತ್ರುವಿಮಾನಗಳನ್ನು ಮೂಡಿಸುತ್ತಿದ್ದವು. ಕಲಿಯುವವನು ನಕಲಿ ಬಂದೂಕಿನಿಂದ ಗುರಿ ಇಡಬೇಕು. ಗುರಿ ಎಷ್ಟು ಸಲ ತಾಗಿತೆಂದು ಯಂತ್ರವೇ ಎಣಿಸುತ್ತಿತ್ತು. ಕಂಪ್ಯೂಟರ್ ಆಟ ಹುಟ್ಟುವ ಎಷ್ಟೋ ಮೊದಲೇ ತೆರೆಯ ಮೇಲೆ ಗುಂಡು ಹಾರಿಸಿ ಅಂಕ ಗಳಿಸುವ ಆಟ ಹೀಗೆ ಯುದ್ಧದ ಶಾಲೆಯಲ್ಲಿ ನಡೆದಿತ್ತು.

ಯುದ್ಧ ಮುಗಿದ ಮೇಲೆ ಅದೇ ತತ್ವ ಸಿನಿಮಾಕ್ಕೆ ಬಂತು. 1952ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನಲ್ಲಿ 'ದಿಸ್ ಈಸ್ ಸಿನೆರಾಮಾ' ತೆರೆಕಂಡಿತು. ಮೊದಲ ಕೆಲವು ನಿಮಿಷ ಹಳೆಯ ಅಳತೆಯ ಕಪ್ಪುಬಿಳುಪು ಚಿತ್ರದಲ್ಲಿ ಭಾಷಣ. ಆಮೇಲೆ ಪರದೆ ಎರಡೂ ಬದಿಗೆ ಸರಿಯುತ್ತ ಹೋಗಿ 146 ಡಿಗ್ರಿ ಹರಹಿನ ಬಾಗಿದ ತೆರೆ ತೆರೆದುಕೊಂಡಿತು. ಪ್ರೇಕ್ಷಕರು ಇದ್ದಕ್ಕಿದ್ದಂತೆ ಮನರಂಜನಾ ಉದ್ಯಾನವೊಂದರ ರೋಲರ್ ಕೋಸ್ಟರಿನ ಮುಂದಿನ ಆಸನದಲ್ಲಿದ್ದರು.

ಆದರೆ ಈ ಮಾಯೆ ದುಬಾರಿಯಾಗಿತ್ತು. ಮೂರು ಪ್ರೊಜೆಕ್ಟರುಗಳು ಒಂದೇ ತಾಳದಲ್ಲಿ ಓಡಬೇಕು. ಮೂರು ಚಿತ್ರಗಳು ಕೂಡುವಲ್ಲಿ ಎರಡು ಹೊಲಿಗೆ ಎದ್ದು ಕಾಣುತ್ತಿದ್ದವು. ತೆರೆ ಬಾಗಿದ್ದರಿಂದ ಒಂದು ಬದಿಯ ಬೆಳಕು ಇನ್ನೊಂದು ಬದಿಗೆ ಚಿಮ್ಮಿ ಚಿತ್ರ ಮಸುಕಾಗದಿರಲೆಂದು ಅದನ್ನು ನೂರಾರು ಲಂಬ ಪಟ್ಟಿಗಳಿಂದ ಕಟ್ಟಬೇಕಾಗಿತ್ತು. ಊರೂರಿನ ಟಾಕೀಸಿಗೆ ಒಗ್ಗುವ ವ್ಯವಸ್ಥೆ ಇದಲ್ಲ.

ಹಿಂಡುವ ಮಸೂರ

ಅಗಲ ಬೇಕು, ಹೊಲಿಗೆ ಬೇಡ. ಇದಕ್ಕೆ ದಾರಿ ಸಿಕ್ಕಿದ್ದು ಫ್ರಾನ್ಸಿನ ವಿಜ್ಞಾನಿ ಹೆನ್ರಿ ಕ್ರೆತಿಯನ್ 1920ರ ದಶಕದಲ್ಲೇ ರೂಪಿಸಿದ್ದ ಮಸೂರದಲ್ಲಿ. ಚಿತ್ರ ತೆಗೆಯುವಾಗ ಅದು ವಿಶಾಲ ದೃಶ್ಯವನ್ನು ಅಡ್ಡಲಾಗಿ ಅರ್ಧಕ್ಕೆ ಹಿಂಡಿ ಮಾಮೂಲು ಫಿಲ್ಮಿನಲ್ಲಿ ತುಂಬುತ್ತದೆ. ತೋರಿಸುವಾಗ ಇನ್ನೊಂದು ಮಸೂರ ಅದನ್ನು ಮೊದಲಿನಂತೆ ಹಿಗ್ಗಿಸುತ್ತದೆ. ಒಂದೇ ಪ್ರೊಜೆಕ್ಟರ್ ಸಾಕು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಈ ಮಸೂರದ ಹಕ್ಕು ಕೊಂಡು ಸಿನಿಮಾಸ್ಕೋಪ್ ಎಂದು ಹೆಸರಿಟ್ಟಿತು. 1953ರ ಸೆಪ್ಟೆಂಬರಿನಲ್ಲಿ 'ದಿ ರೋಬ್' ಬಿಡುಗಡೆಯಾಯಿತು.

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರ 'ಕಾಗಜ್ ಕೆ ಫೂಲ್'. ಅದನ್ನು ನಿರ್ದೇಶಿಸಿದ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು. ಹಾಲಿವುಡ್ಡಿನಲ್ಲಿ ಅಗಲವಾದ ತೆರೆ ಸೈನ್ಯ, ರಥ, ಅರಮನೆಗಳನ್ನು ತುಂಬುವುದಕ್ಕೆ ಬಳಕೆಯಾಗುತ್ತಿದ್ದ ಕಾಲದಲ್ಲಿ ಈ ಇಬ್ಬರು ಅದನ್ನು ಖಾಲಿಯಾಗಿ ಬಿಡುವ ಧೈರ್ಯ ತೋರಿದರು. ವಿಶಾಲವಾದ ಸ್ಟುಡಿಯೋ, ಅದರ ಕತ್ತಲೆಯಲ್ಲಿ ಒಂಟಿ ಮನುಷ್ಯ, ಮೇಲಿಂದ ಇಳಿದ ಬೆಳಕಿನ ಕೋಲು. ಆ ಬೆಳಕಿಗಾಗಿ ಮೂರ್ತಿಯವರು ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಸ್ಟುಡಿಯೋ ಒಳಗೆ ತಂದಿದ್ದರು. ಚಿತ್ರ ಆಗ ಸೋತಿತು. ಅದರ ದೃಶ್ಯಗಳು ಸೋಲಲಿಲ್ಲ. ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರು. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದದ್ದು 1977ರಲ್ಲಿ, 'ಸೊಸೆ ತಂದ ಸೌಭಾಗ್ಯ' ಚಿತ್ರದೊಂದಿಗೆ.

ತೆರೆಯ ಅಗಲ ತನಗೆ ತಾನೇ ಗುಣವಲ್ಲ, ಅಲ್ಲಿ ಏನನ್ನು ಇಡುತ್ತಾರೆ ಎಂಬುದು ಮುಖ್ಯ ಎಂಬ ಪಾಠವನ್ನು 'ಕಾಗಜ್ ಕೆ ಫೂಲ್' ಬಿಟ್ಟುಹೋಯಿತು.

ರಾಜಿಯ ಆಯತ

ಸಿನಿಮಾ ಅಗಲವಾಯಿತು, ಟೆಲಿವಿಷನ್ ಚೌಕಾಕಾರದ ಸಮೀಪದಲ್ಲೇ ಉಳಿಯಿತು. ಸ್ಕೋಪ್ ಚಿತ್ರವನ್ನು ಟಿ.ವಿ.ಯಲ್ಲಿ ತೋರಿಸಬೇಕಾದರೆ ಎರಡೇ ದಾರಿ: ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡಬೇಕು, ಇಲ್ಲವೇ ಪಕ್ಕಗಳನ್ನು ಕತ್ತರಿಸಬೇಕು. ಕತ್ತರಿಸಿದರೆ ಇಬ್ಬರು ಮಾತಾಡುವ ದೃಶ್ಯದಲ್ಲಿ ಎದುರಿನವರು ಮಾಯವಾಗಿ, ಗಾಳಿಯೊಂದಿಗೆ ಸಂಭಾಷಣೆ ನಡೆದಂತೆ ಕಾಣುತ್ತಿತ್ತು.

ಹೈ ಡೆಫಿನಿಷನ್ ಟೆಲಿವಿಷನ್ನಿನ ಆಕಾರ ಏನಿರಬೇಕೆಂಬ ಚರ್ಚೆ 1980ರ ದಶಕದಲ್ಲಿ ನಡೆದಾಗ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್ ಒಂದು ಸರಳ ಪ್ರಯೋಗ ಮಾಡಿದ. ಬಳಕೆಯಲ್ಲಿದ್ದ ಎಲ್ಲ ಅನುಪಾತಗಳ ಆಯತಗಳನ್ನೂ ಒಂದೇ ವಿಸ್ತೀರ್ಣಕ್ಕೆ ತಂದು, ಒಂದರ ಮೇಲೊಂದು ಇಟ್ಟು ನೋಡಿದ. ಅವೆಲ್ಲವನ್ನೂ ಒಳಗೊಳ್ಳುವ ಹೊರಗಿನ ಆಯತಕ್ಕೂ, ಎಲ್ಲಕ್ಕೂ ಸಾಮಾನ್ಯವಾದ ಒಳಗಿನ ಆಯತಕ್ಕೂ ಬಂದ ಅನುಪಾತ ಒಂದೇ, ಸುಮಾರು 1.77:1. ಅದೇ ಇಂದಿನ 16:9. ಹಳೆಯ ಟಿ.ವಿ.ಗೂ ಸ್ಕೋಪಿಗೂ ನಡುವೆ ಮಾಡಿಕೊಂಡ ರಾಜಿ ಇದು.

ಈ ನಡುವೆ ಅಳೆಯುವ ಪದ್ಧತಿಯೊಂದು ಯಾರ ಗಮನಕ್ಕೂ ಬಾರದೆ ಉಳಿದುಕೊಂಡಿತು. ಮೊದಮೊದಲಿನ ಟಿ.ವಿ. ಚಿತ್ರನಳಿಗೆಗಳ ಮುಖ ದುಂಡಗಿತ್ತು. ಹಾಗಾಗಿ ಅದರ ವ್ಯಾಸವನ್ನೇ ಗಾತ್ರವೆಂದು ಹೇಳಲಾಗುತ್ತಿತ್ತು. ಮುಖ ಆಯತವಾದ ಮೇಲೆ ವ್ಯಾಸದ ಜಾಗಕ್ಕೆ ಕರ್ಣ ಬಂತು, ಅಂದರೆ ಮೂಲೆಯಿಂದ ಎದುರು ಮೂಲೆಗೆ ಇರುವ ದೂರ. ತೆರೆಗಳೆಲ್ಲ ಒಂದೇ ಆಕಾರದಲ್ಲಿ ಇರುವವರೆಗೆ ಇದರಿಂದ ತೊಂದರೆಯಿರಲಿಲ್ಲ. ಆಕಾರ ಬದಲಾದರೆ ಕರ್ಣ ಮೋಸ ಮಾಡುತ್ತದೆ. 34 ಅಂಗುಲ ಕರ್ಣದ 4:3 ತೆರೆಯ ವಿಸ್ತೀರ್ಣ ಸುಮಾರು 555 ಚದರ ಅಂಗುಲ; 16:9 ಆದರೆ 494; ಅಲ್ಟ್ರಾವೈಡ್ ಆದರೆ 412. ತೆರೆ ಅಗಲವಾದಷ್ಟೂ ಅದೇ ಸಂಖ್ಯೆಗೆ ಸಿಗುವ ಜಾಗ ಕಡಿಮೆ.

ಮೇಜಿಗೆ ಬಂದ ಸಿನಿಮಾಸ್ಕೋಪ್

ಕಂಪ್ಯೂಟರ್ ತೆರೆಗಳೂ ಟಿ.ವಿ.ಯ ಹಾದಿಯನ್ನೇ ತುಳಿದವು. 1987ರಲ್ಲಿ ಐ.ಬಿ.ಎಂ. ತಂದ ವಿ.ಜಿ.ಎ. ಪದ್ಧತಿಯಲ್ಲಿ 640 ಚುಕ್ಕಿ ಅಗಲ, 480 ಚುಕ್ಕಿ ಎತ್ತರ, ಅಂದರೆ 4:3. ಚಪ್ಪಟೆ ತೆರೆಗಳು ಬಂದ ಮೇಲೆ ಕೆಲಕಾಲ 16:10 ರೂಢಿಯಲ್ಲಿತ್ತು. ಆಮೇಲೆ 16:9 ಅದನ್ನು ಮಾರುಕಟ್ಟೆಯ ಬದಿಗೆ ಸರಿಸಿತು. ಟಿ.ವಿ.ಗೂ ಮಾನಿಟರಿಗೂ ಒಂದೇ ಆಕಾರವಿದ್ದರೆ ಕಾರ್ಖಾನೆಯಲ್ಲಿ ದೊಡ್ಡ ಗಾಜಿನ ಹಾಳೆಯಿಂದ ತೆರೆಗಳನ್ನು ಕತ್ತರಿಸುವುದು ಲಾಭಕರ. ಆದರೆ 1920x1200ರ ಜಾಗಕ್ಕೆ 1920x1080 ಬಂದಾಗ ಬರೆಯುವವರು, ಪ್ರೋಗ್ರಾಂ ಮಾಡುವವರು ತಮ್ಮ ಪುಟದಿಂದ 120 ಸಾಲು ಚುಕ್ಕಿಗಳನ್ನು ಕಳೆದುಕೊಂಡಿದ್ದರು. ಸಿನಿಮಾಕ್ಕಾಗಿ ಮಾಡಿಕೊಂಡ ರಾಜಿಯ ಬೆಲೆಯನ್ನು ಓದುವವರು ತೆತ್ತಿದ್ದರು.

ಆಟವಾಡುವವರ ಹಸಿವು ಬೇರೆ. 2009ರಲ್ಲಿ ಎ.ಎಂ.ಡಿ. ಕಂಪೆನಿ ಐಫಿನಿಟಿ ಎಂಬ ತಂತ್ರವನ್ನು ತಂದು, ಮೂರು ಮಾನಿಟರುಗಳನ್ನು ಸಾಲಾಗಿಟ್ಟು ಒಂದೇ ಆಟ ಆಡಲು ಅನುವು ಮಾಡಿತು. ವಾಲರ್‌ನ ಸಿನೆರಾಮಾ ಮೇಜಿನ ಮೇಲೆ ಮರುಹುಟ್ಟು ಪಡೆದಂತಾಯಿತು, ಅದರ ಹೊಲಿಗೆಗಳ ಸಮೇತ! ಮಾನಿಟರುಗಳ ಚೌಕಟ್ಟು ದೃಶ್ಯದ ನಡುವೆ ಎರಡು ಕಂಬಗಳಂತೆ ನಿಲ್ಲುತ್ತಿತ್ತು. ಸಿನೆರಾಮಾ ನಂತರ ಸಿನಿಮಾಸ್ಕೋಪ್ ಬಂದಂತೆಯೇ ಇಲ್ಲಿಯೂ ಒಂದೇ ತುಂಡಿನ ಅಗಲ ತೆರೆ ಬಂತು. ಫಿಲಿಪ್ಸ್ 2009ರಲ್ಲಿ 56 ಅಂಗುಲದ 21:9 ಟಿ.ವಿ. ತಂದಿತು; ಮನೆಗಳಲ್ಲಿ ಅದು ನಿಲ್ಲಲಿಲ್ಲ. 2012ರಲ್ಲಿ ಎಲ್.ಜಿ. 29 ಅಂಗುಲದ ಮಾನಿಟರಿಗೆ ಅದೇ ಆಕಾರ ಕೊಟ್ಟಿತು. ಮೇಜಿನ ಮೇಲೆ ಅದು ನಿಂತಿತು. 2014ರಲ್ಲಿ 3440x1440 ಚುಕ್ಕಿಗಳ 34 ಅಂಗುಲದ ತೆರೆ, 2017ರಲ್ಲಿ ಸ್ಯಾಮ್ಸಂಗಿನ 49 ಅಂಗುಲದ 32:9 ತೆರೆ ಬಂದವು.

21:9 ಎಂಬುದು ಮಾರಾಟದ ಮಾತು. 29 ಅಂಗುಲದ ಆ ತೆರೆಯ 2560x1080 ಚುಕ್ಕಿಗಳ ನಿಜವಾದ ಅನುಪಾತ 64:27. ಇದರಲ್ಲೊಂದು ಗಣಿತದ ಸೊಗಸಿದೆ. ನಾಲ್ಕನ್ನು ನಾಲ್ಕರಿಂದ, ಮೂರನ್ನು ಮೂರರಿಂದ ಗುಣಿಸಿದರೆ 16:9. ಇನ್ನೊಮ್ಮೆ ಹಾಗೆಯೇ ಗುಣಿಸಿದರೆ 64:27. ಡಿಕ್ಸನ್ ನಾಲ್ಕು ತೂತಿಗೆ ಹೊಂದಿಸಿದ ಮುಕ್ಕಾಲು ಅಂಗುಲದ ಚಿತ್ರವೇ ಎರಡು ಸಲ ಹಿಗ್ಗಿ ಇಂದು ಆಟದ ಮೇಜಿನ ಮೇಲೆ ಕುಳಿತಿದೆ.

ಆಡುವ ಕಣ್ಣು, ಓದುವ ಕಣ್ಣು

ಕೊಳ್ಳುವವರ ಪ್ರಶ್ನೆಗೆ ಈ ಇತಿಹಾಸದಲ್ಲೇ ಉತ್ತರವಿದೆ. ಅಗಲ ಬೇಕಾದದ್ದು ಕಡೆಗಣ್ಣಿಗೆ. ಕಾರು ಓಡಿಸುವ, ವಿಮಾನ ಹಾರಿಸುವ, ಕಾಡುಮೇಡು ಅಲೆಯುವ ಆಟಗಳಲ್ಲಿ ಕಡೆಗಣ್ಣಿಗೆ ಕೆಲಸವಿದೆ. ಎಪ್ಪತ್ತು ಸೆಂಟಿಮೀಟರ್ ದೂರದಲ್ಲಿ ಕುಳಿತವನ ಕಣ್ಣಿಗೆ 27 ಅಂಗುಲದ ತೆರೆ ಸುಮಾರು 46 ಡಿಗ್ರಿ ಹರಹು ತುಂಬುತ್ತದೆ. 34 ಅಂಗುಲದ ಅಲ್ಟ್ರಾವೈಡ್ ಸುಮಾರು 59. ವ್ಯತ್ಯಾಸ ಅನುಭವಕ್ಕೆ ಬರುವಂಥದೇ. ಆದರೆ ಎಲ್ಲ ಆಟಗಳೂ ಈ ಅಗಲವನ್ನು ಒಪ್ಪುವುದಿಲ್ಲ. 2022ರ 'ಎಲ್ಡನ್ ರಿಂಗ್' ಇಂತಹ ತೆರೆಯಲ್ಲೂ 16:9 ಚಿತ್ರವನ್ನೇ ತೋರಿಸಿ ಎರಡೂ ಬದಿಗೆ ಕಪ್ಪು ಪಟ್ಟಿ ಬಿಡುವಂತೆ ಬಿಡುಗಡೆಯಾಯಿತು. ಪೈಪೋಟಿಯ ಆಟಗಳಲ್ಲಿ ಒಬ್ಬನಿಗೆ ಹೆಚ್ಚು ಕಂಡರೆ ಅನ್ಯಾಯವೆಂದು ಅಗಲಕ್ಕೆ ಮಿತಿ ಹಾಕುವುದೂ ಉಂಟು. ಹಣ ಕೊಡುವ ಮೊದಲು ತನ್ನ ನೆಚ್ಚಿನ ಆಟ ಈ ಆಕಾರಕ್ಕೆ ಹೊಂದುತ್ತದೆಯೇ ಎಂದು ಮಗ ವಿಚಾರಿಸುವುದು ಲೇಸು.

ಓದುವ ಕಣ್ಣಿನ ಸ್ವಭಾವ ಬೇರೆ. ಅದು ನಡುವಿನ ಆ ಕೆಲವೇ ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ. ಸಾಲು ಬಹಳ ಉದ್ದವಾದರೆ ಕೊನೆ ಮುಟ್ಟಿದ ಕಣ್ಣು ಮುಂದಿನ ಸಾಲಿನ ಮೊದಲನ್ನು ಹುಡುಕಿಕೊಂಡು ಬರುವಾಗ ದಾರಿ ತಪ್ಪುತ್ತದೆ. ಉದ್ದನೆಯ ತಾಳೆಗರಿಯಲ್ಲಿ ಬರೆದ ಲಿಪಿಕಾರರು ದಾರ ಪೋಣಿಸುವ ತೂತಿನ ಆಚೆಗೂ ಈಚೆಗೂ ಬರಹವನ್ನು ಎರಡು ಮೂರು ಅಂಕಣಗಳಾಗಿ ವಿಂಗಡಿಸುತ್ತಿದ್ದುದುಂಟು. ದಿನಪತ್ರಿಕೆಯ ವಿಶಾಲ ಪುಟ ಅಂಕಣಗಳಾಗಿ ಒಡೆದಿರುವುದರ ಗುಟ್ಟೂ ಇದೇ. ಅಗಲ ತೆರೆಯಲ್ಲಿಯೂ ಒಂದೇ ಕಡತವನ್ನು ಈ ಅಂಚಿನಿಂದ ಆ ಅಂಚಿಗೆ ಹರಡಿದರೆ ಉಪಯೋಗವಿಲ್ಲ. ಎರಡು ಮೂರು ಕಡತಗಳನ್ನು ಅಂಕಣಗಳಂತೆ ಪಕ್ಕಪಕ್ಕ ತೆರೆದಿಟ್ಟರೆ ಮಾತ್ರ ಅದರ ಬೆಲೆ ತಿಳಿಯುತ್ತದೆ. ಒಂದು ಕಡೆ ಬಿಲ್ಲು, ಒಂದು ಕಡೆ ಲೆಕ್ಕದ ಹಾಳೆ ಇಟ್ಟುಕೊಳ್ಳುವ ತಂದೆಗೆ ಇದು ವರದಾನವೇ.

ಮೊದಲು ಎತ್ತರ, ಆಮೇಲೆ ಅಗಲ

ಆದ್ದರಿಂದ ಆಯ್ಕೆಯನ್ನು ಎತ್ತರದಿಂದ ಆರಂಭಿಸಬೇಕು. ಈಗಿರುವ ಮಾನಿಟರಿನ ಎತ್ತರ ಸಾಕೆನಿಸಿದೆಯೇ ಎಂದು ಕೇಳಿಕೊಂಡು, ಅದಕ್ಕಿಂತ ಕಡಿಮೆಯಾಗದಂತೆ ಅಗಲವನ್ನು ಕೊಳ್ಳಬೇಕು. 27 ಅಂಗುಲದ ತೆರೆಗೆ ಒಗ್ಗಿದವರಿಗೆ 34ರ ಅಲ್ಟ್ರಾವೈಡ್ ಸರಿಜೋಡಿ. 32 ಅಂಗುಲದಿಂದ ಬರುವವರಿಗೆ 34 ಗಿಡ್ಡವೆನಿಸುತ್ತದೆ. ಅವರಿಗೆ 40 ಅಂಗುಲದ್ದು ಬೇಕು, ಅದರ ಎತ್ತರ ಸುಮಾರು ಹದಿನೈದೂವರೆ ಅಂಗುಲ. 49 ಅಂಗುಲದ 32:9 ತೆರೆಯೆಂದರೆ 27ರ ಎರಡನ್ನು ಹೊಲಿಗೆಯಿಲ್ಲದೆ ಕೂಡಿಸಿದಂತೆ. ಅಗಲವೇ 47 ಅಂಗುಲ, ಅಂದರೆ ಸುಮಾರು ನಾಲ್ಕು ಅಡಿ. ಮೊದಲು ಮೇಜನ್ನು ಅಳೆಯಬೇಕು.

ಎರಡನೆಯದು ಚುಕ್ಕಿಗಳ ದಟ್ಟಣೆ. 3440x1440 ಚುಕ್ಕಿಗಳು 34 ಅಂಗುಲದಲ್ಲಿ ಅಂಗುಲಕ್ಕೆ ಸುಮಾರು 110 ಬರುತ್ತವೆ. ಅಷ್ಟೇ ಚುಕ್ಕಿಗಳನ್ನು 45 ಅಂಗುಲಕ್ಕೆ ಹರಡಿದರೆ ದಟ್ಟಣೆ 83ಕ್ಕೆ ಇಳಿಯುತ್ತದೆ. ಆಟದ ಭರಾಟೆಯಲ್ಲಿ ಇದು ಅಷ್ಟಾಗಿ ಕಾಣದು, ಅಕ್ಷರದಲ್ಲಿ ಕಾಣುತ್ತದೆ. ಅದರಲ್ಲೂ ಕೆಳಗೆ ಪುಟ್ಟ ಒತ್ತಕ್ಷರಗಳನ್ನು ಹೊತ್ತ ಕನ್ನಡದ ಬರಹಕ್ಕೆ ಚುಕ್ಕಿಗಳ ಬಡತನ ಬೇಗ ತಟ್ಟುತ್ತದೆ. 5120x2160 ಚುಕ್ಕಿಗಳ 40 ಅಂಗುಲದ ತೆರೆಯಲ್ಲಿ ದಟ್ಟಣೆ ಸುಮಾರು 139, ಅಕ್ಷರಗಳು ಅಚ್ಚಿನಂತೆ ನಿಲ್ಲುತ್ತವೆ. ಆದರೆ ಅಲ್ಲಿ ಚುಕ್ಕಿಗಳ ಸಂಖ್ಯೆ ಒಂದು ಕೋಟಿ ಹತ್ತು ಲಕ್ಷ ದಾಟುತ್ತದೆ. ಸಾಮಾನ್ಯ 2560x1440 ತೆರೆಯಲ್ಲಿ ಅವು ಸುಮಾರು 37 ಲಕ್ಷ. ಆಟದಲ್ಲಿ ಸೆಕೆಂಡಿಗೆ ಹತ್ತಾರು ಸಲ ಇಷ್ಟನ್ನೂ ಬಿಡಿಸಬೇಕಾದ ಗ್ರಾಫಿಕ್ಸ್ ಕಾರ್ಡಿಗೆ ಮೂರು ಪಟ್ಟು ದುಡಿಮೆ. ತೆರೆ ಕೊಂಡ ಮೇಲೆ ಕಾರ್ಡಿಗೂ ಹಣ ಹೊಂದಿಸಬೇಕಾದೀತು.

ಮೂರನೆಯದು ಬಾಗು. 1800 ಆರ್ ಎಂದರೆ 1800 ಮಿಲಿಮೀಟರ್ ತ್ರಿಜ್ಯದ ವೃತ್ತದ ತುಂಡು. 1000 ಆರ್ ಎಂದರೆ ಒಂದು ಮೀಟರ್ ತ್ರಿಜ್ಯದ್ದು. ಸಂಖ್ಯೆ ಸಣ್ಣದಾದಷ್ಟೂ ಬಾಗು ಹೆಚ್ಚು. ಅಂಚುಗಳನ್ನು ಕಣ್ಣಿನಿಂದ ಸಮದೂರಕ್ಕೆ ತರುವುದು ಇದರ ಉದ್ದೇಶ. ಆಟಕ್ಕೆ ಒಳ್ಳೆಯದೇ. ನಕ್ಷೆ ಬರೆಯುವವರಿಗೆ ನೇರ ಗೆರೆಯೂ ಬಾಗಿದಂತೆ ಕಂಡು ಕಿರಿಕಿರಿಯಾಗಬಹುದು.

ಕೊನೆಯದು ತೆರೆಯ ಒಳಗುಟ್ಟು. 2022ರಿಂದ ಈ ಆಕಾರದಲ್ಲೂ ಸಿಗುತ್ತಿರುವ ಓಎಲ್‌ಇಡಿ ತೆರೆಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗಿ ತಾನೇ ಆರುತ್ತದೆ. ಹೀಗಾಗಿ ಅದರ ಕಪ್ಪು ನಿಜವಾದ ಕಪ್ಪು. ಆದರೆ ಒಂದೇ ಚಿತ್ರ ದಿನವಿಡೀ ಒಂದೇ ಜಾಗದಲ್ಲಿ ನಿಂತರೆ ಕಾಲಾಂತರದಲ್ಲಿ ಅದರ ನೆರಳು ಅಲ್ಲೇ ಉಳಿಯುವ ಅಪಾಯವಿದೆ. ಹಗಲೆಲ್ಲ ಲೆಕ್ಕದ ಹಾಳೆ ತೆರೆದಿಡುವ ಮನೆಗೆ ಐ.ಪಿ.ಎಸ್. ಎಂಬ ಹಳೆಯ ಬಗೆಯೇ ನೆಮ್ಮದಿ. ವಿ.ಎ. ಎಂಬ ಬಗೆಯಲ್ಲಿ ಕಪ್ಪು ಇದಕ್ಕಿಂತ ಗಾಢ, ಆದರೆ ಕತ್ತಲ ದೃಶ್ಯಗಳಲ್ಲಿ ಓಡುವ ವಸ್ತುವಿನ ಹಿಂದೆ ಮಸಿ ಎಳೆದಂತೆ ಕಾಣುವುದುಂಟು.

ಅಗಲದ ಓಟಕ್ಕೆ ಎದುರಾದ ಇನ್ನೊಂದು ಪ್ರವಾಹವೂ ಈಚೆಗೆ ಹರಿಯತೊಡಗಿದೆ. ಓದುಬರಹದ ಲ್ಯಾಪ್‌ಟಾಪುಗಳಲ್ಲಿ 16:10 ಮತ್ತು 3:2 ಆಕಾರಗಳು ಮರಳಿ ಬಂದಿವೆ. 2022ರಲ್ಲಿ ಅಗಲಕ್ಕಿಂತ ಎತ್ತರವೇ ಹೆಚ್ಚಿರುವ 16:18ರ ಮಾನಿಟರ್ ಕೂಡ ಬಂತು. ಎಲ್ಲರಿಗೂ ಎಲ್ಲ ಕಾಲಕ್ಕೂ ಹೊಂದುವ ಆಕಾರವೊಂದು ಇಲ್ಲ ಎಂಬುದನ್ನು ಮಾರುಕಟ್ಟೆಯೂ ತಡವಾಗಿ ಒಪ್ಪಿದಂತಿದೆ.

ಒಬ್ಬನೇ ಇಣುಕುವ ಪೆಟ್ಟಿಗೆಯಿಂದ ಹೊರಟ ಚಿತ್ರ ಸಾವಿರಾರು ಜನ ಒಟ್ಟಿಗೆ ಕೂರುವ ಥಿಯೇಟರಿನಲ್ಲಿ ಅಗಲವಾಗಿ, ಆ ಅಗಲವನ್ನು ಹೊತ್ತುಕೊಂಡೇ ಮತ್ತೆ ಒಬ್ಬನೇ ಕೂರುವ ಮೇಜಿಗೆ ಬಂದಿದೆ. ಅಂಗಡಿಯಲ್ಲಿ ನಿಂತ ತಂದೆ ಮಗನ ಜಗಳ ಆ ಕಾರಣಕ್ಕೇ ಸಣ್ಣದಲ್ಲ. ಮಗ ಕೇಳುತ್ತಿರುವುದು ಕಡೆಗಣ್ಣಿಗೆ, ತಂದೆ ಕೇಳುತ್ತಿರುವುದು ನಡುಗಣ್ಣಿಗೆ. ಎರಡಕ್ಕೂ ಸಲ್ಲುವ ತೆರೆ ಸಿಗುತ್ತದೆ. ಪೆಟ್ಟಿಗೆಯ ಮೇಲಿನ ಅಂಗುಲದ ಸಂಖ್ಯೆಯನ್ನು ಪಕ್ಕಕ್ಕಿಟ್ಟು ಒಂದು ಅಳತೆಪಟ್ಟಿ ಜೇಬಿಗೆ ಹಾಕಿಕೊಂಡು ಹೋದರಾಯಿತು.